ಇಪ್ಪತ್ತು ದಿನದ ಗಿಣ್ಣ

ದಾಂಡೇಲಿಯ ಕಾಗದದ ಕಾರ್ಖಾನೆಯ ಹಿಂದಿನ ಚಾಳಿನಲ್ಲಿ ಯಾರ ಮನೆಯಲ್ಲಿ ಏನು ಅಡಿಗೆ ಎಂದು ಕೇಳುವ ಕಷ್ಟವಿರಲಿಲ್ಲ. ಮೂಗೊಂದು ಇದ್ದರೆ ಸಾಕಿತ್ತು. ಎರಡನೇ ಮನೆಯ ಸಕ್ಕುಬಾಯಿ ಬೆಳಗಾವಿ ಕಡೆಯವಳು; ಅವಳು ಝುಣಕಕ್ಕೆ ಒಗ್ಗರಣೆ ಕೊಟ್ಟರೆ ಇಡೀ ಸಾಲು ಸೀನುತ್ತಿತ್ತು. ಐದನೇ ಮನೆಯ ಮಲೆಯಾಳಿ ನರ್ಸಮ್ಮ ತೆಂಗಿನೆಣ್ಣೆ ಕಾಯಿಸಿದರೆ ಆಚೀಚಿನವರು ಮೊದಲು ಮೂಗು ಮುಚ್ಚಿಕೊಂಡು, ಆಮೇಲೆ ಮೆಲ್ಲಗೆ ಬೆರಳು ತೆಗೆದು ಇನ್ನೊಮ್ಮೆ ಮೂಸುತ್ತಿದ್ದರು. ಕೊನೆಯ ಮನೆಯಲ್ಲಿ ಫಿಟ್ಟರ್ ಸಾಬರ ಹೆಂಡತಿ ತುಪ್ಪದಲ್ಲಿ ಶಾವಿಗೆ ಹುರಿದರೆ ಚಾಳಿನ ಮಕ್ಕಳ ಆಟವೆಲ್ಲ ಆ ಬಾಗಿಲ ಮುಂದೆಯೇ ನಡೆಯುತ್ತಿತ್ತು. ಇಷ್ಟೆಲ್ಲ ಅಡಿಗೆಗಳ ನಡುವೆ, ಮೂರನೇ ಮನೆಯಲ್ಲಿ, ಕಾಶೆವ್ವ ಎಂಬ ಮುದುಕಿ ಒಂದು ತುತ್ತು ಗಂಟಲಲ್ಲಿ ಇಳಿಯದೆ ಸಾಯುತ್ತಿದ್ದಳು.

ಕಾರಹುಣ್ಣಿಮೆಯ ಮರುದಿನ ಅವಳಿಗೆ ಜ್ವರ ಬಂದಿತ್ತು. ವಿಷಮಜ್ವರ. ಇಪ್ಪತ್ತೊಂದು ದಿನ ಇದ್ದು, ಹೇಳಿದ ಮಾತಿಗೆ ತಪ್ಪದ ನೆಂಟನ ಹಾಗೆ ಇಪ್ಪತ್ತೊಂದನೇ ದಿನ ಹೊರಟುಹೋಯಿತು. ಹೋಗುವಾಗ ಮುದುಕಿಯ ಹಸಿವನ್ನೂ ಬಾಯಿರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ನುಚ್ಚು ಕೊಟ್ಟರೆ ವಾಂತಿ, ಅಂಬಲಿ ಕೊಟ್ಟರೆ ವಾಂತಿ. ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು. ನಾಡಿ ಹಿಡಿದು ನೋಡಿ, ಮಗ ಮಹಾಂತಪ್ಪನನ್ನು ಹೊರಗೆ ಕರೆದರು.

"ಜ್ವರ ಹೋಗಿದೆ ಕಣಯ್ಯ. ಇನ್ನು ಇವರನ್ನ ಉಳಿಸೋದು ಔಷಧಿ ಅಲ್ಲ, ಊಟ. ಹಾಲಿನ ಜೊತೆ ಮೊಟ್ಟೆ ಕೊಡಿ."

"ಸಾಹೇಬ್ರ, ನಮ್ಮವ್ವ ಕೊರಳಾಗ ಲಿಂಗಾ ಕಟ್ಟಿದಾಕಿ," ಎಂದ ಮಹಾಂತಪ್ಪ. "ಆ ಮಾತ ಆಕಿ ಕಿವಿಗೆ ಬಿದ್ರ ಇವತ್ತ ಜೀವಾ ಬಿಡತಾಳ."

"ಹಾಗಾದರೆ ನಿಮ್ಮಿಷ್ಟ. ಹದಿನೈದು ದಿನ ಹೀಗೇ ಇದ್ದರೆ ಮಾತ್ರ ನನ್ನ ಕೇಳಬೇಡಿ."

ಬಾಗಿಲ ಹಿಂದೆ ನಿಂತಿದ್ದ ಮಾಲವ್ವನಿಗೆ ಅದು ಕೇಳಿಸಿತು. ಮನೆಯಲ್ಲಿದ್ದದ್ದು ಮೂರೇ ಜನ: ಅತ್ತೆ, ಗಂಡ, ತಾನು. ಮಹಾಂತಪ್ಪ ಮೊದಲ ಪಾಳಿಗೆ ಹೋದರೆ ಕಾರ್ಖಾನೆಯ ಭೋಂಗಾ ಊದುವವರೆಗೂ ಈ ಮುದುಕಿ ಮತ್ತು ಮಾಲವ್ವ ಇಬ್ಬರೇ. ರೊಟ್ಟಿ ಬಡಿಯುವುದನ್ನು ನಡುವೆ ಬಿಟ್ಟು ಎದ್ದು ಬಂದು ಅತ್ತೆಯ ಮೂಗಿನ ಹತ್ತಿರ ಕೈಹಿಡಿದು ನೋಡುತ್ತಿದ್ದಳು. ಉಸಿರು ತಾಗಿದರೆ ಮತ್ತೆ ಒಲೆಯ ಮುಂದೆ. ಹತ್ತು ರೊಟ್ಟಿಗೆ ಮೂರು ಸಲ ಏಳಬೇಕಾಗುತ್ತಿತ್ತು.

ಅವಳ ಹೆದರಿಕೆಗೆ ಕಾರಣ ಒಂದೇ ಅಲ್ಲ. ಮಾಲವ್ವ ಹುಬ್ಬಳ್ಳಿ ಪೇಟೆಯ ಹುಡುಗಿ. ಮದುವೆಯಾಗಿ ಮೂರು ವರ್ಷ, ಮಡಿಲು ತುಂಬಿರಲಿಲ್ಲ. ಇದರ ಮೇಲೆ ಅತ್ತೆ ತನ್ನ ಕೈಯಲ್ಲಿ ಸತ್ತರೆ, ಹಳಿಯಾಳದಲ್ಲಿದ್ದ ನಾದಿನಿ ಗೌರವ್ವ ಸುಮ್ಮನೆ ಕೂಡುವವಳಲ್ಲ. 'ಸೊಸಿ ಉಪವಾಸ ಹಾಕಿ ಕೊಂದಳು' ಎಂಬ ಮಾತು ಹನ್ನೆರಡನೇ ದಿನದೊಳಗೆ ಧಾರವಾಡ ದಾಟುತ್ತಿತ್ತು.

ಇನ್ನು ಕಾಶೆವ್ವನೇನು ಸಾಮಾನ್ಯಳೇ? ಊರಲ್ಲಿದ್ದ ಹಿರಿಸೊಸೆ ಒಂದು ಮುಂಜಾನೆ ಲಿಂಗಪೂಜೆಗೆ ಮುಂಚೆ ಒಂದು ಕಪ್ಪು ಚಹಾ ಕುಡಿದಳೆಂದು ಅವಳನ್ನು ತವರಿಗೆ ಅಟ್ಟಿದವಳು. ಆ ಹೆಂಗಸು ಹದಿನೆಂಟು ತಿಂಗಳು ತವರಲ್ಲಿ ಕೂತಿತ್ತು. ಮೂರು ಸಲ ಹಿರಿಯರು ಬಂದು ಹೋದ ಮೇಲೆ ಕಾಶೆವ್ವ ಬಾಗಿಲು ತೆಗೆದದ್ದು. ಮಾಲವ್ವ ಈ ಮನೆಗೆ ಬಂದ ಮೊದಲ ವಾರವೇ ಆ ಕಥೆಯನ್ನು ಅತ್ತೆಯ ಬಾಯಿಂದಲೇ ಕೇಳಿದ್ದಳು. ಕೇಳಲಿ ಎಂದೇ ಹೇಳಿದ್ದು.

ಕಾಶೆವ್ವನ ಕೊರಳ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ತಾಟು ಮುಂದೆ ಬಂದರೆ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅನ್ನವನ್ನು ಶಿವನಿಗೆ ಒಪ್ಪಿಸಿ ಆಮೇಲೆ ತುತ್ತು. ಕುಡಿಯುವ ನೀರಿಗೂ ಅದೇ ಪದ್ಧತಿ.

ಮಂದಿಯ ಮನೆಯ ಅಡಿಗೆ ಅವಳು ಮುಟ್ಟುತ್ತಿರಲಿಲ್ಲ. ಹಾಗಾಗಿ ಮಾಲವ್ವ ಬಾಗಿಲು ಬಾಗಿಲಿಗೆ ಹೋಗಿ ಅಡಿಗೆ ಕೇಳಿಕೊಂಡು ಬಂದು ತನ್ನ ಒಲೆಯ ಮೇಲೆ ಮಾಡಿದಳು. ಸಕ್ಕುಬಾಯಿ ಹೇಳಿದಂತೆ ಹೆಸರುಬೇಳೆಯ ಮೆತ್ತನೆಯ ಖಿಚಡಿ. ನರ್ಸಮ್ಮ ಹೇಳಿದಂತೆ ಕೆಂಪಕ್ಕಿಯ ಗಂಜಿ, ನೆಂಚಿಕೊಳ್ಳಲು ಸುಟ್ಟ ಕೊಬ್ಬರಿಯ ಚಟ್ನಿ. ಫಿಟ್ಟರ್ ಸಾಬರ ಹೆಂಡತಿ ಹೇಳಿದಂತೆ ಸಾಬುದಾಣಿಯ ಖೀರು. ಎಂಟು ದಿನದಲ್ಲಿ ಸೊಸೆ ಮೂರು ನಾಡಿನ ಅಡಿಗೆ ಕಲಿತಳು. ಅತ್ತೆ ಮೂರೂ ನಾಡಿಗೆ ಬೆನ್ನು ತಿರುಗಿಸಿ ಮಲಗಿದಳು.

ಕಾತರಿನಾ ಬಂದದ್ದು ಆಗ. ಅವಳು ಕೋಗಿಲಬನದ ಸಿದ್ದಿ ಹೆಂಗಸು. ಗಂಡ ಇನಾಸ ಅಡವಿಯಲ್ಲಿ ಬಿದಿರು ಕಡಿಯುತ್ತಿದ್ದ. ಅವಳು ದೊಡ್ಡ ಸಾಹೇಬರೊಬ್ಬರ ಬಂಗಲೆಯಲ್ಲಿ ಅಡಿಗೆಯವನ ಕೈಕೆಳಗೆ ಕೆಲಸಕ್ಕಿದ್ದಳು. ಬಂಗಲೆಗೆ ಹೋಗುವ ದಾರಿಯಲ್ಲಿ ಚಾಳಿನ ಹಿತ್ತಲಿಗೆ ಬಂದು ತನ್ನ ಕೋಳಿಗಳಿಗೆಂದು ನುಚ್ಚು, ತೌಡು ಇಸಿದುಕೊಂಡು ಹೋಗುವುದು ರೂಢಿ. ಹಿತ್ತಲ ಮೆಟ್ಟಿಲು ದಾಟಿ ಒಳಗೆ ಬಂದವಳಲ್ಲ. ಯಾರೂ ಬಾ ಎಂದವರಲ್ಲ.

"ಮುದುಕಿ ಹೆಂಗದಾಳ, ಅಕ್ಕಾ?"

"ಏನೂ ನಿಲ್ಲವಲ್ದು ಬಾಯಿ, ಹೊಟ್ಯಾಗ."

ಕಾತರಿನಾ ತೌಡಿನ ಗಂಟು ಕಟ್ಟುತ್ತ ಹೇಳಿದಳು: "ಬಂಗ್ಲೆದಾಗ ಸಾಹೇಬನ ಅವ್ವಗ ಹಿಂಗ ಆಗಿತ್ತು. ನಾನ ಪುಡಿಂಗ ಮಾಡಿ ತಿನಿಸಿನಿ. ಹಾಲು, ಸಕ್ಕರಿ, ತತ್ತಿ. ಕೂಡಿಸಿ ಹಬೀ ಮ್ಯಾಲೆ ಇಟ್ಟರ ಗಟ್ಟಿ ಆಕ್ಕೈತಿ. ಹಲ್ಲಿಲ್ಲದಾರೂ ನುಂಗತಾರ. ನೋಡಾಕ ಥೇಟ ನಿಮ್ಮ ಗಿಣ್ಣ ಇದ್ದಂಗ."

"ತತ್ತಿ ಅನ್ನಬ್ಯಾಡ ಬಾಯಿ, ನಿನ್ನ ಕಾಲ ಬೀಳತೇನಿ," ಎಂದು ಮಾಲವ್ವ ಹಿಂದೆ ಮುಂದೆ ನೋಡಿದಳು.

ಅದಾದ ಎರಡನೇ ದಿನ, ಆಷಾಢದ ಹುಣ್ಣಿಮೆ. ಮಟಮಟ ಮಧ್ಯಾಹ್ನ ಕಾಶೆವ್ವ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದಳು. "ನಿಮ್ಮ ಮಾವ ಬಂದಾನ, ಚಾಪಿ ಹಾಸು," ಎಂದಳು. ಮಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಾಲವ್ವ ಹೊರಳಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಚಾಪೆ ಹಾಸಲಿಲ್ಲ. ಹಾಸಿದರೆ ಕರೆದಂತೆ ಎಂದು ಸುರುಳಿಯನ್ನು ಎತ್ತಿ ಅಟ್ಟದ ಮೇಲೆ ಒಗೆದಳು. ಮರುದಿನ ಕಾತರಿನಾ ಬರುವ ಹೊತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕಾದು ಕೂತಿದ್ದಳು.

"ತತ್ತಿ ನಾ ಕೊಡತೇನಿ," ಎಂದಳು ಕಾತರಿನಾ. "ಮಾಡೂ ಕೈ ನಿಂದು. ವಿಚಾರ ಮಾಡು. ನಾಳೆ ಮಾತ ಹೊರಗ ಬಂದ್ರ ನಿನ್ನ ಮನಿ ಮುರೀತೈತಿ. ನನ್ನ ಬೆನ್ನ ಮುರೀತಾರ."

"ಯಾರಿಗೂ ಗೊತ್ತಾಗೂದಿಲ್ಲ ಬಾಯಿ."

"ಹಂಗ ಎಲ್ಲಾರೂ ಅಂತಾರ," ಎಂದು ಕಾತರಿನಾ ಸೆರಗಿನ ಗಂಟು ಬಿಚ್ಚಿ ಎರಡು ತತ್ತಿಗಳನ್ನು ತೌಡಿನ ಗಡಿಗೆಯೊಳಗೆ ಇಳಿಸಿದಳು.

ಮಾಲವ್ವ ಹುಟ್ಟಿದಾರಭ್ಯ ತತ್ತಿ ಮುಟ್ಟಿರಲಿಲ್ಲ. ತಣ್ಣಗಿರುತ್ತದೆ ಎಂದುಕೊಂಡಿದ್ದಳು. ತೌಡಿನಲ್ಲಿ ಕೈ ಹಾಕಿ ಎತ್ತಿಕೊಂಡರೆ ಬೆಚ್ಚಗಿತ್ತು, ಬಿಟ್ಟೇ ಬಿಡುತ್ತಿದ್ದಳು. ಹಿತ್ತಲ ಬಾಗಿಲ ಚಿಲಕ ಹಾಕಿ, ಮುಂದಿನ ಬಾಗಿಲ ಚಿಲಕ ಹಾಕಿ, ಮೂಲೆಯಲ್ಲಿ ಕೂತು ಬಟ್ಟಲಿನ ಅಂಚಿಗೆ ಬಡಿದು ಒಡೆದಳು. ಆರಿದ ಹಾಲಿಗೆ ಸೇರಿಸಿ ಕಡೆದು, ಸಕ್ಕರೆಯ ಬದಲು ಬೆಲ್ಲ ಹಾಕಿದಳು, ಬಣ್ಣ ಗಿಣ್ಣದ್ದೇ ಬರಲಿ ಎಂದು. ವಾಸನೆ ಮುಚ್ಚಲು ಏಲಕ್ಕಿ, ಅದರ ಮೇಲೆ ಜಾಜಿಕಾಯಿ. ಕಟ್ಟಿಗೆ ಅಡ್ಡೆಯ ಹೊಟ್ಟು ತುಂಬಿದ ಒಲೆ ಆ ಕೆಲಸಕ್ಕೆ ಹೇಳಿಮಾಡಿಸಿದ್ದು; ಮಂದ ಉರಿಯಲ್ಲಿ ಡಬ್ಬಿ ಅರ್ಧ ತಾಸು ಹಬೆಯಲ್ಲಿ ಕೂತಿತು. ಮುಚ್ಚಳ ತೆಗೆದರೆ ಥೇಟ್ ಗಿಣ್ಣ. ಅದನ್ನು ಇಳಿಸಿಟ್ಟು, ಸಿಪ್ಪೆಗಳನ್ನು ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹೂತು, ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅತ್ತೆಯ ಮುಂದೆ ಬಟ್ಟಲು ಹಿಡಿದಳು.

"ಏನದು?"

"ಗಿಣ್ಣ ರೀ ಅತ್ತಿ."

"ಎಲ್ಲೀದು?"

ಸುಳ್ಳು ಕಟ್ಟಿ ಇಟ್ಟುಕೊಂಡಿದ್ದಳು. "ಕೋಗಿಲಬನದಾಗ ಕಾತರಿನಾನ ಮನ್ಯಾಗ ಆಕಳ ಈದೈತ್ರಿ. ಹಸೀ ಹಾಲ ತಂದು ಕೊಟ್ಟಾಳ. ಮಾಡಿದ್ದು ನಾನ ರೀ."

"ಹಾಲಿಗೆ ಮೈಲಿಗಿ ಇಲ್ಲ," ಎಂದಳು ಕಾಶೆವ್ವ. ಮಲಗಿದಲ್ಲೇ ಕರಡಿಗೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಮಾಲವ್ವನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಮುದುಕಿ ನಾಲ್ಕು ಚಮಚ ತಿಂದಳು. ಸೊಸೆ ಬೋಗುಣಿ ಹಿಡಿದುಕೊಂಡು ಕಾದಳು. ವಾಂತಿಯಾಗಲಿಲ್ಲ. ಸಂಜೆ ಮುದುಕಿ ನೀರು ಕೇಳಿ ಕುಡಿದಳು.

ಎರಡನೇ ದಿನ ಅರ್ಧ ಬಟ್ಟಲು. ಮೂರನೇ ದಿನ ಬಟ್ಟಲು ಕಂಡಾಗ, "ಇವತ್ತೂ ಗಿಣ್ಣ ಐತೇನ?" ಎಂದು ಕೇಳಿದಳು.

"ಐತ್ರಿ."

ಕಾಶೆವ್ವ ಬಟ್ಟಲನ್ನು ಬಹಳ ಹೊತ್ತು ನೋಡಿದಳು. ಚಮಚದಿಂದ ಒಂದು ಚೂರು ಎತ್ತಿ, ಅಲ್ಲಾಡಿಸಿ, ಮತ್ತೆ ಇಟ್ಟಳು. ಆಮೇಲೆ ಶಿವದಾರವನ್ನು ಎಳೆದು ಕರಡಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿ, ಮೇಲೆ ಸೆರಗು ಹೊದ್ದು, ತಿನ್ನತೊಡಗಿದಳು. ಬಗ್ಗಿದರೆ ಎದೆಗೆ ಒತ್ತುತ್ತದೆ ಪಾಪ ಎಂದುಕೊಂಡಳು ಮಾಲವ್ವ. ಬಟ್ಟಲು ಖಾಲಿಯಾಯಿತು.

ಹಳ್ಳಿಯಲ್ಲಿ ಹುಟ್ಟಿದ್ದರೆ ಈ ಹುಡುಗಿ ಅಲ್ಲೇ ಎಚ್ಚರಗೊಳ್ಳುತ್ತಿದ್ದಳು. ಅವಳ ಪಾಲಿಗೆ ಹಾಲೆಂದರೆ ಹುಬ್ಬಳ್ಳಿಯ ಓಣಿಗೆ ದಿನಾ ಬರುವ ತಂಬಿಗೆ. ಗಿಣ್ಣವೆಂದರೆ ವರ್ಷಕ್ಕೊಮ್ಮೆ ಯಾರೋ ಕೊಟ್ಟು ಕಳಿಸುವ ಬಟ್ಟಲು. ಆಕಳು ಈದರೆ ಗಿಣ್ಣ, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ವಾರ ಕಳೆಯುವಷ್ಟರಲ್ಲಿ ಕಾಶೆವ್ವ ಗೋಡೆಗೆ ಒರಗಿ ಕೂತಳು. ಹತ್ತನೇ ದಿನ ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬಂದಳು. ಹನ್ನೊಂದನೇ ದಿನ, "ರೊಟ್ಟಿ ಎಷ್ಟ ದಪ್ಪ ಬಡೀತಿ? ಎಮ್ಮಿ ಚರ್ಮ ಆಗ್ಯಾವ," ಎಂದಳು. ಮಹಾಂತಪ್ಪ ಕಣ್ಣಲ್ಲಿ ನೀರು ತಂದುಕೊಂಡ. ಅವ್ವ ಬೈದಳೆಂದರೆ ಅವ್ವ ಬದುಕಿದಳು. ಮಾಲವ್ವನೂ ನಕ್ಕಳು. ಆದರೆ ಮುದುಕಿಯ ಕಾಲಿಗೆ ಬಲ ಬಂದಷ್ಟೂ ಸೊಸೆಯ ಕಾಲು ನಡುಗುತ್ತಿತ್ತು. ಹಾಸಿಗೆ ಹಿಡಿದ ಅತ್ತೆಗೆ ಸುಳ್ಳು ಹೇಳುವುದು ಬೇರೆ, ಮನೆ ತುಂಬ ಓಡಾಡುವ ಅತ್ತೆಗೆ ಹೇಳುವುದು ಬೇರೆ.

"ದಿನಾ ಎರಡೆರಡ ಸಲ ತಲಿಮ್ಯಾಲೆ ನೀರ ಹಾಕ್ಕೋತಿ," ಎಂದು ಮಹಾಂತಪ್ಪ ಒಂದು ಸಂಜೆ ಊಟಕ್ಕೆ ಕೂತಾಗ ತೆಗೆದ. "ಒಲಿಗೆ ಹೊಟ್ಟ ಸಾಲವಲ್ದು. ಬೆಲ್ಲದ ಡಬ್ಬಿ ನೋಡಿದ್ರ ತಳಾ ಕಾಣಾಕತ್ತೈತಿ. ಏನ ನಡದೈತಿ ಮನ್ಯಾಗ?"

"ಬ್ಯಾನಿ ಮಂದಿ ಮುಟ್ಟಿದ ಮ್ಯಾಲೆ ಜಳಕಾ ಮಾಡಬಾರದೇನ್ರಿ?"

"ನಮ್ಮವ್ವನ್ನ ಮುಟ್ಟಿದ್ರ ಮೈಲಿಗಿ ಆಕ್ಕೈತೇನ ನಿಂಗ?"

"ಹಂಗ ನಾ ಅಂದಿಲ್ರಿ."

"ಅಂದಂಗ ಆತಲ್ಲ. ಮೂರ ವರ್ಷದಾಗ ಇಲ್ಲದ ಮಡಿ ಈಗ ಎಲ್ಲಿಂದ ಬಂತು?"

ಒಳಗಿನಿಂದ ಕಾಶೆವ್ವ ಗದರಿದಳು: "ಏ ಮಹಾಂತಾ, ಆಕಿ ಜಳಕಾ ಮಾಡಿದ್ರ ನಿನ್ನ ಗಂಟ ಏನ ಹೋತು? ಸುಮ್ಮ ಉಣ್ಣು."

ಗಂಡ ಸುಮ್ಮನೆ ಉಂಡ. ಆದರೆ ಮಾರನೇ ದಿನ ಅವನಿಗೆ ವಾರದ ಸೂಟಿ. ಮುಂಜಾನೆಯೇ ಸೈಕಲ್ ಒರೆಸಿ, ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಕಣ ಚೀಲಕ್ಕೆ ಹಾಕಿಕೊಂಡ. "ಕೋಗಿಲಬನಕ್ಕ ಹೋಗಿ ಬರ್ತೇನಿ. ಇನಾಸನ ಆಕಳಿಗೆ ಕಾಯಿ ಒಡಿಬೇಕು. ಅದ ನಮ್ಮವ್ವನ ಜೀವಾ ಉಳಿಸೇತಿ."

ಮಾಲವ್ವನ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ಇನಾಸನ ಮನೆಯಲ್ಲಿ ಆಕಳ ಬಾಲವೂ ಇರಲಿಲ್ಲ. ಅಂಗಳದ ತುಂಬ ಕೋಳಿ. ಸೈಕಲ್ ಮೇಲೆ ಮುಕ್ಕಾಲು ತಾಸಿನ ದಾರಿ. ಮಧ್ಯಾಹ್ನಕ್ಕೆ ಗಂಡ ತಿರುಗಿ ಬರುತ್ತಾನೆ, ಸಂಜೆಯ ಬಸ್ಸಿಗೆ ತಾನು ಹುಬ್ಬಳ್ಳಿಗೆ. ಟ್ರಂಕಿನಲ್ಲಿ ಏನೇನು ಇಟ್ಟುಕೊಳ್ಳಬೇಕು ಎಂಬುದರವರೆಗೆ ಅವಳ ಮನಸ್ಸು ಓಡಿತು.

"ಬ್ಯಾಡ," ಎಂದಳು ಕಾಶೆವ್ವ.

"ಯಾಕ ಅವ್ವ?"

"ಈದ ಆಕಳ ಮುಂದ ಹೊಸಬರು ಹೋಗಿ ನಿಲ್ಲಬಾರದು. ದೃಷ್ಟಿ ತಾಗತೈತಿ, ಹಾಲ ಬತ್ತತೈತಿ. ಇಷ್ಟ ವರ್ಷ ದನಾ ಕಟ್ಟಿದ ಮನ್ಯಾಗ ಹುಟ್ಟಿ ಅಷ್ಟೂ ತಿಳೀದೇನ ನಿಂಗ?"

ಮಹಾಂತಪ್ಪ ಕಾಯಿಯನ್ನು ಜಗಲಿಯ ಮೇಲಿಟ್ಟ. ಮಾಲವ್ವ ಅಡಿಗೆಮನೆಗೆ ಹೋಗಿ ಗೋಡೆ ಹಿಡಿದು ನಿಂತಳು. ಕಾಣದ ದೇವರೆಲ್ಲರಿಗೂ ಕೈಮುಗಿದಳು. ಕೈಮುಗಿಯಬೇಕಾದವಳು ಪಕ್ಕದ ಖೋಲಿಯಲ್ಲೇ ಇದ್ದಳು ಎಂಬುದು ಅವಳಿಗೆ ತಿಳಿಯಲಿಲ್ಲ.

ಅದರ ಮಾರನೇ ಬೆಳಿಗ್ಗೆ ಕಲ್ಲು ಕಂಡಿತು.

ಕರಿಬೇವಿನ ಗಿಡದ ಬುಡದಲ್ಲಿ, ಸರಿಯಾಗಿ ಸಿಪ್ಪೆ ಹೂಳುವ ಜಾಗದ ಮೇಲೆ, ಬಟ್ಟೆ ಒಗೆಯುವ ಹಾಸುಗಲ್ಲಿನ ಒಂದು ಒಡಕು ಚೂರು. ನಿನ್ನೆ ಅದು ಬಚ್ಚಲ ಹತ್ತಿರ ಬಿದ್ದಿತ್ತು. ಈಗ ಯಾರೋ ತಂದು ಇಟ್ಟಿದ್ದರು. ಸುತ್ತ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡಿದ್ದರು. ಯಾರೋ ಕಂಡಿದ್ದಾರೆ. ಕಂಡು, ಬಾಯಿ ಬಿಡದೆ, 'ನನಗೆ ಗೊತ್ತು' ಎಂದು ಗುರುತು ಇಟ್ಟು ಹೋಗಿದ್ದಾರೆ.

ಹಿತ್ತಲಿಗೆ ಬೇಲಿ ಒಂದೇ, ಆಚೆ ಸಕ್ಕುಬಾಯಿ. ಬೇರೆ ಯಾರಿದ್ದಾರು? ಅಂದಿನಿಂದ ಮಾಲವ್ವ ಸಕ್ಕುಬಾಯಿಯ ಹಿಂದೆ ಬಿದ್ದಳು. ಅವಳ ಕೊಡವನ್ನೂ ತಾನೇ ನಳದಿಂದ ತುಂಬಿ ತಂದಳು. ಅವಳ ಶೇಂಗಾ ಸುಲಿದು ಕೊಟ್ಟಳು. ಕರಿದ ಹಪ್ಪಳ ಕೊಟ್ಟಳು. ಸಕ್ಕುಬಾಯಿ ಬೇಡ ಅನ್ನುವ ಜಾತಿಯಲ್ಲ, ನಾಲ್ಕು ದಿನ ಎಲ್ಲ ತೆಗೆದುಕೊಂಡು, ಐದನೇ ದಿನ ಬೇಲಿಯ ಹತ್ತಿರ ಕರೆದು ಮರಾಠಿ ಬೆರೆಸಿ ಮೆಲ್ಲಗೆ ಹೇಳಿದಳು: "ನನಗ ಎಲ್ಲಾ ತಿಳ್ಯಾಕತ್ತೈತಿ ಬಗ."

"ಏನ ರೀ, ಬಾಯೀ?"

"ಬಾಗಲಾ ಹಾಕ್ಕೊಂಡ ಗೋಡ ಗೋಡ, ಸಿಹಿ ಸಿಹಿ ಮಾಡಿ ತಿಂತಿ. ದಿನಾ ಏಲಕ್ಕಿ ವಾಸನಿ. ಮುಖಾ ಬಿಳಚಿ ಹೋಗೈತಿ, ಮಾತಿಗೊಮ್ಮೆ ಬೆವರತಿ. ಎಷ್ಟ ತಿಂಗಳಾ?"

ಮಾಲವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಗಬೇಕೋ ಅಳಬೇಕೋ ತಿಳಿಯದೆ ಬೇಲಿ ಹಿಡಿದುಕೊಂಡಳು. ಮೂರು ವರ್ಷ ಯಾರ ಬಾಯಿಂದ ಆ ಪ್ರಶ್ನೆ ಬರಲಿ ಎಂದು ಕಾದಿದ್ದಳೋ, ಅದು ಇಂಥ ಹೊತ್ತಿನಲ್ಲಿ ಬಂದಿತ್ತು. "ಹಂಗೇನಿಲ್ರಿ," ಎಂದು ಒಳಗೆ ಬಂದಳು. ಒಳಗೆ ಬಂದ ಮೇಲೆ ಹೊಸ ಹೆದರಿಕೆ ಹುಟ್ಟಿತು. ಸಕ್ಕುಬಾಯಿ ಅಲ್ಲವಾದರೆ ಕಲ್ಲು ಇಟ್ಟವರು ಯಾರು?

ಶ್ರಾವಣ ಬಂತು. ಶ್ರಾವಣದಲ್ಲಿ ತತ್ತಿ ಮುಟ್ಟುವ ಕೈ ಕೊಳೆತುಹೋಗಲಿ ಎಂದು ತನ್ನನ್ನು ತಾನೇ ಬೈದುಕೊಂಡು ಮಾಲವ್ವ ಒಂದು ದಿನ ಬಿಟ್ಟಳು. ಬರೀ ಹಾಲು ಅನ್ನ ಕೊಟ್ಟಳು. ಮುದುಕಿ ಅರ್ಧ ಉಂಡು ತಾಟು ಸರಿಸಿ, "ಗಿಣ್ಣ ಇಲ್ಲೇನ?" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೇನೋ ಇತ್ತು. ಮರುದಿನ ಮತ್ತೆ ಡಬ್ಬಿ ಹಬೆಗೆ ಏರಿತು.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಗೌರವ್ವ ಹಳಿಯಾಳದಿಂದ ಮುಂಜಾನೆಯ ಬಸ್ಸಿಗೆ ಬಂದಿಳಿದಳು. ಒಂದು ಕೈಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿಯ ಡಬ್ಬಿ. ಇನ್ನೊಂದು ಕೈಯಲ್ಲಿ ಬಾಯಿ ಕಟ್ಟಿದ ಹಿತ್ತಾಳೆ ಬಿಂದಿಗೆ. ಅವ್ವನನ್ನು ತಬ್ಬಿಕೊಂಡು ಅತ್ತಳು, ಮೂಗು ಒರೆಸಿಕೊಂಡಳು, ಬಿಂದಿಗೆಯನ್ನು ಮಾಲವ್ವನ ಕೈಗೆ ಕೊಟ್ಟಳು.

"ಮೊನ್ನೆ ನಮ್ಮ ಎಮ್ಮಿ ಈದೈತಿ. ಗಿಣ್ಣದ ಹಾಲ ತಂದೇನಿ. ಜಲ್ದಿ ಹಬೀಗೆ ಇಡು, ಅವ್ವ ತಿನ್ನಲಿ."

"ಅವ್ವಗ ಗಿಣ್ಣ ಹೊಸದಲ್ಲ ಬಿಡಕ್ಕ," ಎಂದ ಕೊಟ್ಟಿಗೆಯ ಕಡೆ ತಲೆಯೇ ಹಾಕದೆ ಬೆಳೆದ ಮಹಾಂತಪ್ಪ, ಹಿಗ್ಗಿನಿಂದ. "ಇಪ್ಪತ್ತ ದಿನಾ ಆತು, ದಿನಾ ಗಿಣ್ಣ ತಿಂದ ಎದ್ದ ಕುಂತಾಳ."

ಉಂಡಿ ತೆಗೆಯುತ್ತಿದ್ದ ಗೌರವ್ವನ ಕೈ ನಿಂತಿತು. "ಎಷ್ಟ ದಿನಾ?"

"ಇಪ್ಪತ್ತ."

"ಇಪ್ಪತ್ತ ದಿನಾ ಗಿಣ್ಣ ಯಾವ ಆಕಳ ಕೊಡತೈತೋ? ನಾಕನೇ ದಿನಕ್ಕ ಎಲ್ಲಾ ದನಾನೂ ಹಾಲಿಗೆ ಬರತಾವ. ಏನ ಮಾಲವ್ವ, ಕಾಮಧೇನು ಕಟ್ಟೀರೇನ ಹಿತ್ತಲದಾಗ?"

ಮಾಲವ್ವ ಬಿಂದಿಗೆ ಹಿಡಿದು ನಿಂತಲ್ಲೇ ನಿಂತಳು. ಮೂರು ದಿನ. ಗಿಣ್ಣ ಮೂರೇ ದಿನ. ತಾನು ಇಪ್ಪತ್ತು ದಿನ ಕೊಟ್ಟಿದ್ದಳು. ಐವತ್ತು ವರ್ಷ ದನ ಕರೆದ ಮುದುಕಿಗೆ. ಕಿವಿಯಲ್ಲಿ ಗುಂಯ್ ಎಂಬ ಸದ್ದು ತುಂಬಿತು. ಕಾರ್ಖಾನೆಯ ಭೋಂಗಾ ಇರಬೇಕು ಎಂದುಕೊಂಡಳು. ಅದು ಇನ್ನೂ ಊದಿರಲಿಲ್ಲ.

"ಒಂದ ಆಕಳ ಅಂತ ಯಾರ ಹೇಳಿದ್ರು?" ಎಂದಳು ಕಾಶೆವ್ವ, ಉಂಡಿ ಮುರಿಯುತ್ತ. "ಅಲ್ಲೇ ಅಡವ್ಯಾಗ ಗೌಳಿಗರ ದೊಡ್ಡಿ ಐತಿ. ನಲವತ್ತ ಎಮ್ಮಿ. ಇವತ್ತ ಒಂದು, ವಾರಕ್ಕ ಒಂದು ಈಯತಾವ. ಆ ಕಾತರಿನಾ ಹುಡುಕಿ ಹುಡುಕಿ ತಂದ ಕೊಟ್ಟಾಳ. ಹೊಟ್ಟಿಲೆ ಹುಟ್ಟಿದ ಮಗಳು ಬರಾಕ ಎರಡ ತಿಂಗಳ ಹಿಡೀತು."

ಗೌರವ್ವನ ಮುಖ ಸಣ್ಣದಾಯಿತು. "ನಂಗ ಬಿಡುವು ಇರಲಿಲ್ಲ ಅವ್ವ," ಎಂದು ಬೇರೆ ಮಾತಿಗೆ ಹೊರಳಿದಳು. ಸುಳ್ಳು ಹೇಳುವಾಗ ಮುದುಕಿಯ ದನಿ ಕೂದಲೆಳೆಯಷ್ಟೂ ನಡುಗಲಿಲ್ಲ.

ಗಿಣ್ಣ ಆಯಿತು. ಮಾಲವ್ವ ಬಟ್ಟಲನ್ನು ಅತ್ತೆಯ ಮುಂದಿಟ್ಟು ದೂರ ಸರಿದು ನಿಂತಳು. ಕಾಶೆವ್ವ ಅದನ್ನು ಒಮ್ಮೆ ನೋಡಿದಳು. ಸೆರಗು ಸರಿಸಿ, ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಗಿಣ್ಣವನ್ನು ಅವನಿಗೆ ಒಪ್ಪಿಸಿದಳು. ಆಮೇಲೆ ತಿಂದಳು. ಸೊಸೆಯ ಕಣ್ಣ ಮುಂದೆ ಆ ಮೂರನೇ ದಿನ ಬಂದು ನಿಂತಿತು: ಬೆನ್ನ ಹಿಂದಕ್ಕೆ ಸರಿದ ಕರಡಿಗೆ, ಮೇಲೆ ಹೊದ್ದ ಸೆರಗು. ಅಲ್ಲಿಂದ ಮುಂದೆ ದಿನವೂ ಹಾಗೇ.

ಗೌರವ್ವ ತಮ್ಮನನ್ನು ಕರೆದುಕೊಂಡು ಹುತ್ತಕ್ಕೆ ಹಾಲೆರೆಯಲು ಹೋದಳು. ಮನೆಯಲ್ಲಿ ಇಬ್ಬರೇ ಉಳಿದರು. ಮಾಲವ್ವ ಬಂದು ಅತ್ತೆಯ ಕಾಲ ಬಳಿ ಕುಸಿದಳು.

"ಸಂಜಿ ಬಸ್ಸಿಗೆ ತವರಿಗೆ ಹೋಗ್ತೇನ್ರಿ ಅತ್ತಿ. ಅವರ ಮುಂದ ಮಾತ್ರ ಏನೂ ಹೇಳಬ್ಯಾಡ್ರಿ."

"ಯಾರ ಹೋಗಂದ್ರು? ಎದ್ದ ಕುಂಡ್ರು."

"ನಿಮಗ ಯಾವಾಗ ಗೊತ್ತಾತ್ರಿ?"

"ಮೂರನೇ ದಿನಾ. ಮದಲನೇ ದಿನದ ಗಿಣ್ಣ ಗಟ್ಟಿ ಇರತೈತಿ, ಎರಡನೇ ದಿನದ್ದು ಮೆತ್ತಗ, ಮೂರನೇ ದಿನಾ ಬರೇ ಒಡದ ಹಾಲು. ನಿಂದು ಮೂರೂ ದಿನಾ ಒಂದ ನಮೂನಿ ಇತ್ತು. ಡಾಕ್ಟರ ಏನ ಹೇಳಿದ್ದ ಅಂತ ನನ್ನ ಕಿವಿಗೂ ಬಿದ್ದಿತ್ತವ್ವ. ಕಣ್ಣ ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ."

ಮಾಲವ್ವ ತಲೆ ಎತ್ತಲಿಲ್ಲ. "ಮತ್ತ ಯಾಕ ತಿಂದ್ರಿ?"

ಕಾಶೆವ್ವ ಬಾಗಿಲ ಕಡೆ ನೋಡಿದಳು, ಅಂದು ಮಾವ ಬಂದನೆಂದು ನೋಡಿದ್ದ ಅದೇ ಬಾಗಿಲು. "ಹೆದರಿದೆ. ಸಾಯಾಕ ಹೆದರಿದೆ. ಅರವತ್ತೈದ ವರ್ಷ ಪೂಜಿ ಮಾಡೇನಿ, ಶಿವಾ ಕರದಾಗ ನಕ್ಕೋತ ಹೊಕ್ಕೇನಿ ಅಂತ ಮಂದಿ ಮುಂದ ಹೇಳೇನಿ. ಕರಿಯಾಕ ಬಂದಾಗ ನೋಡು, ಮೈ ಎಲ್ಲಾ ನಡುಗಿತು. ಎರಡ ದಿನಾ ಗೊತ್ತಿಲ್ಲದ ಅವಂಗೂ ತಿನಿಸಿದೆ. ಆ ಪಾಪ ನಿಂದು. ಮೂರನೇ ದಿನದಿಂದ ಇದ್ದದ್ದು ನಂದು. ಅದಕ್ಕ ಅವನ್ನ ಹಿಂದ ಸರಿಸಿದೆ. ನಾ ತಿನ್ನೂದು ಅವ ನೋಡೂದು ಬ್ಯಾಡ ಅಂತ."

"ಹಿರೀ ಸೊಸಿನ್ನ ಒಂದ ಕಪ್ಪ ಚಾದ ಸಲುವಾಗಿ ಹದಿನೆಂಟ ತಿಂಗಳ ಹೊರಗ ಹಾಕಿದಾಕಿ ನಾ," ಎಂದಳು ಮುದುಕಿ. "ನನ್ನ ಹೊರಗ ಹಾಕಬೇಕಂದ್ರ, ಯಾವ ತವರ ಉಳದೈತಿ ನನಗ ಹೋಗಾಕ?"

ಮಾಲವ್ವನಿಗೆ ಅಳು ಒತ್ತರಿಸಿ ಬಂತು. ಅತ್ತೆಯನ್ನು ಕಂಡು ತಾನು ನಡುಗಿದ ದಿನಗಳಲ್ಲೆಲ್ಲ ಗೋಡೆಯ ಆಚೆ ಅತ್ತೆಯೂ ನಡುಗುತ್ತಿದ್ದಳು. ಅಷ್ಟು ದಿನ ಕೇಳಬೇಕೆಂದಿದ್ದ ಇನ್ನೊಂದು ಮಾತು ಆಗ ನೆನಪಾಯಿತು. "ಹಿತ್ತಲದಾಗ ಆ ಕಲ್ಲು ನೀವ ಇಟ್ಟ್ರೇನ್ರಿ?"

"ಬೆಕ್ಕ ಕೆದರಿತ್ತು. ಅಂಗೈಯಷ್ಟ ತಗ್ಗ ತೋಡಿ ಹೂಳತಿ, ಹುಚ್ಚಿ. ಎರಡ ಸಲ ನಾ ಮುಚ್ಚೇನಿ."

ಎದ್ದು ಕಣ್ಣು ಒರೆಸಿಕೊಂಡು ಮಾಲವ್ವ ಹೇಳಿದಳು: "ನಾಳೆ ಕಾತರಿನಾಗ ಇನ್ನ ತರಬ್ಯಾಡ ಅಂತ ಹೇಳಿಬಿಡ್ತೇನ್ರಿ ಅತ್ತಿ. ಶ್ರಾವಣ ಬ್ಯಾರೆ."

ಕಾಶೆವ್ವ ತನ್ನ ಎರಡೂ ಮೊಣಕಾಲುಗಳನ್ನು ಸವರಿಕೊಂಡಳು. ಬೇರೆ ಕಡೆ ನೋಡುತ್ತ ಹೇಳಿದಳು: "ಕಾಲಾಗ ಇನ್ನೂ ಪೂರಾ ಬಲಾ ಬಂದಿಲ್ಲ. ಒಂದ ತರಲಿ. ಎರಡ ಬ್ಯಾಡ." ಸ್ವಲ್ಪ ತಡೆದು, "ಆಕಿಗೆ ನಾಕ ಉಂಡಿ ಕಟ್ಟಿ ಕೊಡು. ಮೆಟ್ಟಲದ ಮ್ಯಾಲೆ ಇಡಬ್ಯಾಡ, ಕೈಯಾಗ ಕೊಡು," ಎಂದಳು.

ಮರುದಿನ ಗೌರವ್ವ ಮೊದಲ ಬಸ್ಸಿಗೆ ಹೊರಟುಹೋದಳು. ಮಹಾಂತಪ್ಪ ಪಾಳಿಗೆ ಹೋದ. ಕಾತರಿನಾ ಬಂದು ಹೋದಳು. ಉಂಡಿಯ ಗಂಟನ್ನು ತಿರುಗಿಸಿ ಮುರುಗಿಸಿ ನೋಡಿ, ಏನೂ ಕೇಳದೆ ಸೆರಗಿಗೆ ಕಟ್ಟಿಕೊಂಡಳು. ಡಬ್ಬಿ ಹಬೆಗೆ ಏರಿದ ಮೇಲೆ ಮಾಲವ್ವ ಕುರುಪಿ ಹಿಡಿದು ಹಿತ್ತಲಿಗೆ ಬಂದಳು. ಕಲ್ಲು ಸರಿಸಿ, ಈ ಸಲ ಮೊಣಕೈಯಷ್ಟು ಆಳ ತೋಡಿದಳು. ತಲೆ ಎತ್ತಿದರೆ ಹಿತ್ತಲ ಬಾಗಿಲಲ್ಲಿ ಕಾಶೆವ್ವ ಗೋಡೆ ಹಿಡಿದು ನಿಂತಿದ್ದಳು. ಕರಡಿಗೆ ಆಗಲೇ ಬೆನ್ನ ಹಿಂದೆ ಹೋಗಿತ್ತು. ಕಣ್ಣು ಬೇಲಿಯ ಆಚೆ ಇತ್ತು.

"ಜಲ್ದಿ ಮುಚ್ಚು," ಎಂದು ಪಿಸುಗುಟ್ಟಿದಳು. "ಸಕ್ಕುಬಾಯಿ ನೀರಿಗೆ ಹೊಂಟಾಳ."